ಗೋಡೆ ಮತ್ತು ಗೀಟು

2019ರ ಡಿಸೆಂಬರ್ 30. ಮುಂಬಯಿಯ ವಿಧಾನ ಭವನದ ಆವರಣದಲ್ಲಿ ಮಹಾರಾಷ್ಟ್ರದ ಸಂಪುಟ ವಿಸ್ತರಣೆ. ನಂದುರಬಾರ್ ಜಿಲ್ಲೆಯ ಅಕ್ಕಲಕುವಾ ಕ್ಷೇತ್ರದ ಕಾಂಗ್ರೆಸ್ ಶಾಸಕ ಕೆ.ಸಿ. ಪಾಡ್ವಿ ಪ್ರಮಾಣವಚನ ಓದುತ್ತ ಬರಹದಲ್ಲಿಲ್ಲದ ತಮ್ಮದೇ ಒಂದೆರಡು ಮಾತು ಸೇರಿಸಿದರು. ರಾಜ್ಯಪಾಲ ಭಗತ್ ಸಿಂಗ್ ಕೋಶ್ಯಾರಿ ಸಿಡುಕಿದರು. ಬರೆದುಕೊಟ್ಟದ್ದನ್ನಷ್ಟೇ ಓದಿ ಎಂದು ಗದರಿ ಮೊದಲಿನಿಂದ ಮತ್ತೆ ಹೇಳಿಸಿದರು. ಮಗ್ಗಿ ತಪ್ಪಿದ ಹುಡುಗನನ್ನು ಮೇಷ್ಟ್ರು ಬೆಂಚಿನ ಬಳಿಯೇ ನಿಲ್ಲಿಸಿ ಪುನಃ ಒಪ್ಪಿಸುವಂತೆ ಮಾಡುತ್ತಾರಲ್ಲ, ಹಾಗೆಯೇ ಇತ್ತು ಆ ದೃಶ್ಯ.

ರಾಜ್ಯಪಾಲರ ಸಿಡುಕಿಗೆ ಹಿಂದಿನ ಕತೆಯೊಂದಿತ್ತು. ಅದಕ್ಕೆ ಒಂದು ತಿಂಗಳ ಮುಂಚೆ, ನವೆಂಬರ್ 28ರ ಸಂಜೆ, ದಾದರಿನ ಶಿವಾಜಿ ಪಾರ್ಕಿನಲ್ಲಿ ಉದ್ಧವ್ ಠಾಕ್ರೆ ಮುಖ್ಯಮಂತ್ರಿಯಾಗಿ ಪ್ರಮಾಣ ಮಾಡುವಾಗ ಛತ್ರಪತಿ ಶಿವಾಜಿ ಮಹಾರಾಜರಿಗೆ ವಂದಿಸಿ, ತಂದೆ ತಾಯಿಯರನ್ನು ನೆನೆದು ಮಾತು ಆರಂಭಿಸಿದ್ದರು. ಜೊತೆಗೆ ಪ್ರಮಾಣ ಮಾಡಿದ ಇತರರೂ ತಂತಮ್ಮ ಆರಾಧ್ಯರನ್ನೂ ನಾಯಕರನ್ನೂ ನೆನೆದರು. ಎರಡೇ ದಿನದಲ್ಲಿ, ವಿಶ್ವಾಸಮತದ ಹೊತ್ತಿಗೆ, ಈ ಪ್ರಮಾಣ ಸಂವಿಧಾನದ ನಮೂನೆಯಂತೆ ನಡೆದಿಲ್ಲ ಎಂದು ದೇವೇಂದ್ರ ಫಡಣವೀಸ್ ಸದನದಲ್ಲಿ ಆಕ್ಷೇಪ ಎತ್ತಿದರು. ಹಂಗಾಮಿ ಸಭಾಧ್ಯಕ್ಷ ದಿಲೀಪ್ ವಳಸೆ ಪಾಟೀಲ್ ಅದನ್ನು ಒಪ್ಪಲಿಲ್ಲ.

ಪ್ರಮಾಣವಚನದಲ್ಲಿ ದೇವರಿಗೆ ಎಷ್ಟು ಜಾಗ, ದೇವರ ಪಕ್ಕದಲ್ಲಿ ಬೇರೆಯವರಿಗೆ ಜಾಗವುಂಟೇ, ಧರ್ಮವನ್ನೂ ಪ್ರಭುತ್ವವನ್ನೂ ದೂರ ಇಡಬೇಕೆನ್ನುವ ದೇಶ ತನ್ನ ಮಂತ್ರಿಯ ಬಾಯಲ್ಲಿ ಮೊದಲ ದಿನವೇ ದೇವರ ಹೆಸರು ಹೇಳಿಸುವುದು ಎಷ್ಟು ಸರಿ? ಈ ಪ್ರಶ್ನೆಗಳಿಗೆ ಮುಂಬಯಿಯಲ್ಲಿ ಸಿಗುವಷ್ಟು ಉದಾಹರಣೆ ಬೇರೆ ಊರಿನಲ್ಲಿ ಸಿಗುವುದು ಕಷ್ಟ.

ಕಾಗದದ ಮೇಲಿರುವುದು

ಸಂವಿಧಾನದ ಮೂರನೇ ಅನುಸೂಚಿಯನ್ನು ಒಮ್ಮೆ ತೆರೆದು ನೋಡಬೇಕು. ಮಂತ್ರಿ, ಸಂಸದ, ಶಾಸಕ, ನ್ಯಾಯಾಧೀಶ, ಲೆಕ್ಕಪರಿಶೋಧಕ ಎಲ್ಲರ ಪ್ರಮಾಣದ ನಮೂನೆಗಳು ಅಲ್ಲಿವೆ. ಪ್ರತಿಯೊಂದರಲ್ಲೂ ವಾಕ್ಯ ಶುರುವಾದ ಕೂಡಲೇ ಒಂದು ಕಡೆ ಕವಲೊಡೆಯುತ್ತದೆ. ಗಣಿತದ ಭಿನ್ನರಾಶಿಯಂತೆ ಮಧ್ಯೆ ಒಂದು ಅಡ್ಡಗೀಟು. ಗೀಟಿನ ಮೇಲೆ 'ದೇವರ ಹೆಸರಿನಲ್ಲಿ ಪ್ರಮಾಣ ಮಾಡುತ್ತೇನೆ', ಕೆಳಗೆ ದೇವರಿಲ್ಲದ ಗಂಭೀರ ದೃಢೀಕರಣ. ಕವಲು ಅಷ್ಟಕ್ಕೇ ಮುಗಿದು ಎರಡೂ ದಾರಿ ಮತ್ತೆ ಒಂದೇ ವಾಕ್ಯಕ್ಕೆ ಸೇರುತ್ತವೆ. ಸಂವಿಧಾನಕ್ಕೆ ನಿಷ್ಠೆ, ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ಭಯ ಪಕ್ಷಪಾತಗಳಿಲ್ಲದ ಕೆಲಸ, ಇವು ಆಸ್ತಿಕನಿಗೂ ನಾಸ್ತಿಕನಿಗೂ ಅಕ್ಷರ ಬದಲಾಗದೆ ಒಂದೇ.

ಮರಾಠಿ ನಮೂನೆಯಲ್ಲಿ ಮೇಲಿನ ಸಾಲಿಗೆ 'ಈಶ್ವರಸಾಕ್ಷ ಶಪಥ' ಎನ್ನುತ್ತಾರೆ. ಈಶ್ವರನ ಸಾಕ್ಷಿಯಾಗಿ ಎಂದರ್ಥ. ಕನ್ನಡದ 'ದೇವರ ಹೆಸರಿನಲ್ಲಿ' ಎಂಬುದಕ್ಕಿಂತ ಇದು ಒಂದು ಕೂದಲೆಳೆ ಹೆಚ್ಚು ಸ್ಪಷ್ಟ. ದೇವರ ಕೆಲಸ ಇಲ್ಲಿ ನಿಂತು ನೋಡುವುದು, ಅಷ್ಟೇ. ಆಜ್ಞೆ ಕೊಡುವುದು ಸಂವಿಧಾನ. ಈ ವ್ಯತ್ಯಾಸ ಮುಂದೆ ಬೇಕಾಗುತ್ತದೆ.

ಪ್ರಮಾಣವೆಂಬುದು ಬರೀ ಅಲಂಕಾರವೂ ಅಲ್ಲ. ಪ್ರಮಾಣ ಮಾಡದೆ ವಿಧಾನಸಭೆಯಲ್ಲಿ ಕೂತರೆ ಅಥವಾ ಮತ ಹಾಕಿದರೆ ದಿನಕ್ಕೆ 500 ರೂಪಾಯಿ ದಂಡ ಎಂದು 193ನೇ ವಿಧಿ ಹೇಳುತ್ತದೆ. 1950ರಲ್ಲಿ 500 ರೂಪಾಯಿ ಸಣ್ಣ ಮೊತ್ತವಾಗಿರಲಿಲ್ಲ.

ಗಂಗಾಜಲದಿಂದ ಬ್ರಾಡ್ಲಾವರೆಗೆ

ಈ ಗೀಟು ಸಂವಿಧಾನ ಸಭೆಯಲ್ಲಿ ಆಕಾಶದಿಂದ ಉದುರಿದ್ದಲ್ಲ. ಕಂಪನಿ ಸರಕಾರದ ನ್ಯಾಯಾಲಯಗಳಲ್ಲಿ ಹಿಂದೂಗಳಿಂದ ಗಂಗಾಜಲ ಮುಟ್ಟಿಸಿ, ಮುಸಲ್ಮಾನರಿಂದ ಕುರಾನ್ ಮುಟ್ಟಿಸಿ ಸಾಕ್ಷಿ ಹೇಳಿಸುತ್ತಿದ್ದರು. ಮಾನವಂತರು ಇದಕ್ಕೆ ಅಂಜಿ ಕಟಕಟೆಗೇ ಬರುತ್ತಿರಲಿಲ್ಲ. ಸತ್ಯ ಹೇಳುವವನಿಗೂ ಆಣೆಯೆಂದರೆ ಭಯ. ನ್ಯಾಯದಾನಕ್ಕೆ ಇದೇ ಅಡ್ಡಿಯಾಗುತ್ತಿದೆ ಎಂದು ಒಪ್ಪಿಕೊಂಡೇ 1840ರ ಐದನೇ ಕಾಯ್ದೆ ಈ ಪದ್ಧತಿಯನ್ನು ತೆಗೆದು ದೃಢೀಕರಣವನ್ನು ತಂದಿತು. ಅದರಲ್ಲೂ ಸರ್ವಶಕ್ತ ದೇವರ ಸನ್ನಿಧಿಯ ಮಾತು ಉಳಿದಿತ್ತು ಎಂಬುದು ಬೇರೆ. 1873ರ ಭಾರತೀಯ ಪ್ರಮಾಣ ಕಾಯ್ದೆ ಬಂದಾಗ, ಆಣೆ ಇಡಲು ಮನಸ್ಸಿಲ್ಲದವರಿಗೆ ದೃಢೀಕರಣದ ದಾರಿ ಇನ್ನಷ್ಟು ಅಗಲವಾಯಿತು.

ಹೀಗಿದ್ದೂ, ಸಾಕ್ಷಿದಾರ ಕೆಂಪು ಬಟ್ಟೆಯಲ್ಲಿ ಸುತ್ತಿದ ಗೀತೆಯ ಮೇಲೆ ಕೈಯಿಟ್ಟು ಸತ್ಯ ಹೇಳುತ್ತೇನೆ ಎನ್ನುವ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಏಕೆ ಕೂತಿದೆ? ಅದನ್ನು ಕೂರಿಸಿದ್ದು ಇದೇ ಮುಂಬಯಿಯ ಸ್ಟುಡಿಯೋಗಳು. ಅಂಧೇರಿ, ಗೋರೆಗಾಂವಿನ ಸೆಟ್ಟುಗಳ ಹಲಗೆಯ ಕಟಕಟೆಯಲ್ಲಿ ನಾಯಕನಿಂದ ಖಳನವರೆಗೆ ಎಲ್ಲರೂ ಗೀತೆ ಮುಟ್ಟಿದರು. ಕಾಯ್ದೆ ಕೇಳುವುದು ಗ್ರಂಥವನ್ನಲ್ಲ. ಇಂದು ಜಾರಿಯಲ್ಲಿರುವ 1969ರ ಪ್ರಮಾಣ ಕಾಯ್ದೆಯ ನಮೂನೆಯಲ್ಲೂ ಅದೇ ಗೀಟು, ಅದೇ ಎರಡು ದಾರಿ. ನಿಜವಾದ ನ್ಯಾಯಾಲಯಕ್ಕೆ ಮೊದಲ ಬಾರಿ ಸಾಕ್ಷಿಗೆ ಹೋದವರು, ಗೀತೆ ಎಲ್ಲಿ ಎಂದು ಮೇಜಿನ ಮೇಲೆ ಕಣ್ಣಾಡಿಸಿದರೆ ಆಶ್ಚರ್ಯವಿಲ್ಲ.

ಗೀಟಿನ ಕೆಳಗಿನ ಸಾಲಿಗಾಗಿ ಅತಿ ಹೆಚ್ಚು ಬೆಲೆ ತೆತ್ತವನ ಹೆಜ್ಜೆಗುರುತೂ ಈ ನಗರದಲ್ಲಿದೆ. ಇಂಗ್ಲೆಂಡಿನ ನಾರ್ಥಾಂಪ್ಟನ್ನಿನಿಂದ 1880ರಲ್ಲಿ ಪಾರ್ಲಿಮೆಂಟಿಗೆ ಗೆದ್ದ ಚಾರ್ಲ್ಸ್ ಬ್ರಾಡ್ಲಾ ಬಹಿರಂಗ ನಾಸ್ತಿಕ. ದೃಢೀಕರಣ ಮಾಡುತ್ತೇನೆಂದ, ಬಿಡಲಿಲ್ಲ. ಸರಿ, ಪ್ರಮಾಣವನ್ನೇ ಮಾಡುತ್ತೇನೆಂದ, ನಾಸ್ತಿಕನ ಪ್ರಮಾಣಕ್ಕೆ ಬೆಲೆಯಿಲ್ಲ ಎಂದು ಅದಕ್ಕೂ ಬಿಡಲಿಲ್ಲ. ಸದನದಿಂದ ಹೊರದಬ್ಬಿದರು, ಗಡಿಯಾರದ ಗೋಪುರದಲ್ಲಿ ಕೂಡಿಹಾಕಿದರು. ಮತದಾರರು ಮತ್ತೆ ಮತ್ತೆ ಆತನನ್ನೇ ಆರಿಸಿ ಕಳಿಸಿದರು. 1886ರಲ್ಲಿ ಕೊನೆಗೂ ಕುರ್ಚಿ ಸಿಕ್ಕಿತು. 1888ರಲ್ಲಿ ಆತನ ಪ್ರಯತ್ನದಿಂದಲೇ ಬ್ರಿಟನ್ನಿನಲ್ಲಿ ದೃಢೀಕರಣದ ಹಕ್ಕು ಕಾಯ್ದೆಯಾಯಿತು. ಮರುವರ್ಷದ ಡಿಸೆಂಬರಿನಲ್ಲಿ, ಮುಂಬಯಿಯಲ್ಲಿ ನಡೆದ ಕಾಂಗ್ರೆಸ್ಸಿನ ಐದನೇ ಅಧಿವೇಶನಕ್ಕೆ ಆತ ಅತಿಥಿಯಾಗಿ ಬಂದ. ಭಾರತದ ಪರ ಪಾರ್ಲಿಮೆಂಟಿನಲ್ಲಿ ದನಿಯೆತ್ತುತ್ತಿದ್ದವನೆಂಬ ಪ್ರೀತಿಯಿಂದ ಇಲ್ಲಿನ ಜನ ಬರಮಾಡಿಕೊಂಡರು. 1891ರಲ್ಲಿ ಆತ ತೀರಿಕೊಂಡಾಗ ಅಂತ್ಯಕ್ರಿಯೆಗೆ ಹೋದವರಲ್ಲಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದ ಮೋಹನದಾಸ ಗಾಂಧಿಯೂ ಒಬ್ಬರು. ದೈವಭಕ್ತ ವಿದ್ಯಾರ್ಥಿ ನಾಸ್ತಿಕನಿಗೆ ಅಂತಿಮ ಗೌರವ ಸಲ್ಲಿಸಿದ ಆ ಚಿತ್ರದಲ್ಲಿ ಗೀಟಿನ ಮೇಲೂ ಕೆಳಗೂ ಇರುವವರು ಒಟ್ಟಿಗೆ ನಿಂತಿದ್ದಾರೆ.

ಮಂಗಳೂರಿನ ಕಾಮತರು ಸೋತದ್ದು, ಗೆದ್ದದ್ದು

ನಮ್ಮ ಸಂವಿಧಾನದ 1948ರ ಕರಡಿನಲ್ಲಿ ರಾಷ್ಟ್ರಪತಿಯ ಪ್ರಮಾಣಕ್ಕೆ ದೇವರ ಹೆಸರಿರಲಿಲ್ಲ. ಆ ವರ್ಷದ ಡಿಸೆಂಬರ್ ಕೊನೆಯಲ್ಲಿ ಸಭೆ ಅದನ್ನು ಚರ್ಚಿಸಿ ದೇವರನ್ನು ಒಳಗೆ ಕರೆಯಿತು, ಆದರೆ ಆಯ್ಕೆಯಾಗಿ. ದೇವರಿರಲೆಂದು ಪಟ್ಟು ಹಿಡಿದವರಲ್ಲಿ ಮುಖ್ಯರು ಹರಿ ವಿಷ್ಣು ಕಾಮತ್. ಮಂಗಳೂರಿನಲ್ಲಿ ಹುಟ್ಟಿ, ಐಸಿಎಸ್ ಹುದ್ದೆ ಬಿಟ್ಟು ಸುಭಾಷರ ಜೊತೆ ಸೇರಿದ ಕಾಮತರು ಸಂವಿಧಾನ ಸಭೆಯಲ್ಲಿ ಅತಿ ಹೆಚ್ಚು ತಿದ್ದುಪಡಿ ತಂದವರ ಸಾಲಿನವರು.

ಹತ್ತು ತಿಂಗಳ ನಂತರ, 1949ರ ಅಕ್ಟೋಬರ್ 17ರಂದು, ಕಾಮತರು ಇನ್ನೊಂದು ಹೆಜ್ಜೆ ಮುಂದಿಟ್ಟರು. ಪ್ರಸ್ತಾವನೆಯೇ ದೇವರ ಹೆಸರಿನಿಂದ ಆರಂಭವಾಗಲಿ ಎಂದರು. ಸಭೆ ಇಕ್ಕಟ್ಟಿಗೆ ಸಿಕ್ಕಿತು. ದೇವರನ್ನು ಮತಕ್ಕೆ ಹಾಕಬೇಡಿ ಎಂದು ಪೂರ್ಣಿಮಾ ಬ್ಯಾನರ್ಜಿ ಬೇಡಿಕೊಂಡರು. ಹೃದಯನಾಥ ಕುಂಜ್ರು ಇದು ಸಂಕುಚಿತ ಮನೋಭಾವವೆಂದು ವಿರೋಧಿಸಿದರು. ಕಾಮತರು ಜಗ್ಗಲಿಲ್ಲ. ಕೈ ಎತ್ತಿ ಎಣಿಸಿದಾಗ ಪರವಾಗಿ 41, ವಿರುದ್ಧ 68. ಹಾಗೆ ದೇವರು ಪ್ರಸ್ತಾವನೆಯಲ್ಲಿ ಸೋತು ಪ್ರಮಾಣವಚನದಲ್ಲಿ ಉಳಿದ.

ಎರಡು ತೀರ್ಮಾನಗಳಲ್ಲಿ ವಿರೋಧವಿದ್ದಂತೆ ಕಾಣಬಹುದು. ನನಗೆ ಕಾಣುವುದು ಒಂದೇ ತರ್ಕ. ಪ್ರಸ್ತಾವನೆ 'ನಾವು' ಎಂದು ಮಾತಾಡುತ್ತದೆ, ಪ್ರಮಾಣವಚನ 'ನಾನು' ಎಂದು. ನಾವೆಲ್ಲರೂ ಸೇರಿದಲ್ಲಿ ದೇವರ ಹೆಸರು ಹೇಳಿದರೆ ನಂಬದವನ ಬಾಯಿಂದಲೂ ಹೇಳಿಸಿದಂತೆ. ನಾನೊಬ್ಬನೇ ನಿಂತಲ್ಲಿ ನನ್ನ ದೇವರು ನನಗೆ. ಅದೇ ಸಭೆಯಲ್ಲಿ, ಮುಂಬಯಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಕಲಿಸಿದ್ದ ಕೆ.ಟಿ. ಷಾ 'ಸೆಕ್ಯುಲರ್' ಎಂಬ ಪದವನ್ನು ಮೊದಲ ವಿಧಿಗೇ ಸೇರಿಸಲು ನೋಡಿ ಸೋತರು. ಆ ಪದ ಒಳಗೆ ಬಂದದ್ದು 1976ರ 42ನೇ ತಿದ್ದುಪಡಿಯಿಂದ. ದೇವರ ಪದವನ್ನೂ ಸೆಕ್ಯುಲರ್ ಪದವನ್ನೂ ಎರಡನ್ನೂ ಪ್ರಸ್ತಾವನೆಯಿಂದ ದೂರವಿಟ್ಟೇ ಆ ಸಭೆ ಜಾತ್ಯತೀತ ರಾಷ್ಟ್ರವನ್ನು ಕಟ್ಟಿತು.

ಗೋಡೆ ಇಲ್ಲದ ಊರು

ಅಮೆರಿಕದಲ್ಲಿ ಈ ಚರ್ಚೆಗೆ ಗೋಡೆಯ ರೂಪಕವಿದೆ. ಚರ್ಚಿಗೂ ಸರಕಾರಕ್ಕೂ ನಡುವೆ ಗೋಡೆ ಎಂದು ಥಾಮಸ್ ಜೆಫರ್ಸನ್ 1802ರಲ್ಲಿ ಒಂದು ಪತ್ರದಲ್ಲಿ ಬರೆದದ್ದು ನ್ಯಾಯಾಲಯಗಳ ಬಾಯಿಮಾತಾಯಿತು. ಅಲ್ಲಿನ ಸಂವಿಧಾನದಲ್ಲಿರುವ ಅಧ್ಯಕ್ಷರ ಪ್ರಮಾಣದಲ್ಲಿ ದೇವರೇ ಇಲ್ಲ. ಬೈಬಲ್ಲೂ ಕೊನೆಯ ದೈವಸಹಾಯದ ಮಾತೂ ರೂಢಿಯಿಂದ ಬಂದವು. ಮೇರಿಲ್ಯಾಂಡಿನಲ್ಲಿ ನೋಟರಿಯಾಗಲು ದೇವರನ್ನು ನಂಬುತ್ತೇನೆಂದು ಘೋಷಿಸಬೇಕಿತ್ತು. ಒಲ್ಲೆನೆಂದ ಒಬ್ಬಾತನ ಪರವಾಗಿ ಅಲ್ಲಿನ ಸುಪ್ರೀಂ ಕೋರ್ಟ್ 1961ರಲ್ಲಿ ಒಮ್ಮತದ ತೀರ್ಪು ಕೊಟ್ಟಿತು.

ಮುಂಬಯಿಯಲ್ಲಿ ಆ ಗೋಡೆ ಕಟ್ಟಲು ಹೊರಟರೆ ಪ್ರಭಾದೇವಿಯಲ್ಲೇ ನಿಲ್ಲಿಸಬೇಕಾಗುತ್ತದೆ. ಸಿದ್ಧಿವಿನಾಯಕ ದೇವಸ್ಥಾನದ ಆಡಳಿತಕ್ಕೆಂದೇ 1980ರ ಪ್ರತ್ಯೇಕ ಕಾಯ್ದೆಯಿದೆ, ಟ್ರಸ್ಟಿಗಳನ್ನು ನೇಮಿಸುವುದು ರಾಜ್ಯ ಸರಕಾರ. ಗಣಪತಿಯ ಹುಂಡಿಯ ಲೆಕ್ಕ ನೋಡುವ ಸರಕಾರ, ಗಣಪತಿಯ ಹೆಸರಿನಲ್ಲಿ ಮಂತ್ರಿ ಪ್ರಮಾಣ ಮಾಡಬಾರದು ಎಂದರೆ ನಗುವವರೇ ಹೆಚ್ಚು. ನಮ್ಮದು ಗೋಡೆಯ ಪದ್ಧತಿಯಲ್ಲ. ಇಂಥಲ್ಲಿ ಇಷ್ಟು, ಇದರಾಚೆ ಬೇಡ ಎಂದು ಅಲ್ಲಲ್ಲಿ ಗೀಟು ಎಳೆಯುವ ಪದ್ಧತಿ.

ಗೀಟು ಎಷ್ಟು ಸೂಕ್ಷ್ಮವೆಂಬುದಕ್ಕೆ ಉಪನಗರಗಳ ಚುನಾವಣೆಗಳೇ ಸಾಕ್ಷಿ. 1963ರ 16ನೇ ತಿದ್ದುಪಡಿಯಿಂದ ಅಭ್ಯರ್ಥಿಯೂ ಪ್ರಮಾಣ ಮಾಡಬೇಕು. ನಾಮಪತ್ರದ ಜೊತೆಗೆ ಚುನಾವಣಾಧಿಕಾರಿಯ ಮುಂದೆ ನಿಂತು ದೇವರ ಹೆಸರು ಹೇಳಿದರೆ ಅದು ಸಂವಿಧಾನದ ವಿಧಿ. ಅದೇ ಕಚೇರಿಯ ಮೆಟ್ಟಿಲಿಳಿದು ಬೀದಿಯಲ್ಲಿ ಧರ್ಮದ ಹೆಸರಲ್ಲಿ ಓಟು ಕೇಳಿದರೆ ಪ್ರಜಾಪ್ರತಿನಿಧಿ ಕಾಯ್ದೆಯ 123ನೇ ಕಲಮಿನಂತೆ ಭ್ರಷ್ಟ ನಡವಳಿಕೆ. ವಿಲೆ ಪಾರ್ಲೆಯ 1987ರ ಉಪಚುನಾವಣೆಯಲ್ಲಿ ಗೆದ್ದ ರಮೇಶ್ ಪ್ರಭು ಈ ಕಲಮಿನಡಿ ಸ್ಥಾನ ಕಳೆದುಕೊಂಡರು. ಅವರ ಪರ ಭಾಷಣ ಮಾಡಿದ ಬಾಳಾಸಾಹೇಬ್ ಠಾಕ್ರೆ ಆರು ವರ್ಷ ಮತದಾನದ ಹಕ್ಕನ್ನೇ ಕಳೆದುಕೊಂಡರು. ಸಾಂತಾಕ್ರೂಜಿನ 1990ರ ಚುನಾವಣೆಯಿಂದ ಹುಟ್ಟಿದ ಅಭಿರಾಮ್ ಸಿಂಗ್ ಪ್ರಕರಣ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠದವರೆಗೆ ಹೋಯಿತು. 2017ರ ಜನವರಿ 2ರಂದು 4-3ರ ಬಹುಮತದಿಂದ, ಅಭ್ಯರ್ಥಿಯ ಧರ್ಮವಷ್ಟೇ ಅಲ್ಲ, ಮತದಾರನ ಧರ್ಮ, ಜಾತಿ, ಭಾಷೆಯ ಹೆಸರಲ್ಲೂ ಓಟು ಕೇಳುವಂತಿಲ್ಲ ಎಂದಾಯಿತು. ಒಂದೇ ಬಾಯಿ, ಒಂದೇ ದೇವರು. ಸಾಕ್ಷಿಗೆ ಕರೆದರೆ ಸರಿ, ಪ್ರಚಾರಕ್ಕೆ ಕರೆದರೆ ತಪ್ಪು.

ನಂಬಿಕೆ ಇಲ್ಲದವರ ಹಕ್ಕನ್ನೂ ಇದೇ ನಗರದ ಹೈಕೋರ್ಟ್ ಎತ್ತಿ ಹಿಡಿದಿದೆ. 2014ರ ಸೆಪ್ಟೆಂಬರಿನಲ್ಲಿ ನ್ಯಾಯಮೂರ್ತಿಗಳಾದ ಅಭಯ್ ಓಕಾ ಮತ್ತು ಎ.ಎಸ್. ಚಾಂದೂರ್ಕರ್ ಅವರ ಪೀಠ, ಸರಕಾರಿ ಅರ್ಜಿಯಲ್ಲಿ ಧರ್ಮ ನಮೂದಿಸಲೇಬೇಕೆಂದು ಯಾರನ್ನೂ ಒತ್ತಾಯಿಸುವಂತಿಲ್ಲ, ತನಗೆ ಧರ್ಮವಿಲ್ಲ ಎನ್ನುವುದೂ 25ನೇ ವಿಧಿಯ ಸ್ವಾತಂತ್ರ್ಯವೇ ಎಂದಿತು. ಓಕಾ ಮುಂದೆ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾದರು.

ದೇವರ ಪಕ್ಕದ ಕುರ್ಚಿಗಳು

ಹಾಗೆ ನೋಡಿದರೆ ದೇವರ ಹೆಸರಿನಿಂದ ಈ ನಗರದಲ್ಲಿ ದೊಡ್ಡ ರಗಳೆ ಆದದ್ದು ಕಡಿಮೆ. ಪ್ರಮಾಣವಚನದ ದೊಡ್ಡ ಹೊಡೆದಾಟ ನಡೆದದ್ದು ಭಾಷೆಗೆ. 2009ರ ನವೆಂಬರ್ 9ರಂದು ಶಾಸಕ ಅಬು ಆಜ್ಮಿ ಮರಾಠಿಯ ಬದಲು ಹಿಂದಿಯಲ್ಲಿ ಪ್ರಮಾಣ ಮಾಡಿದ್ದಕ್ಕೆ ಎಂಎನ್‌ಎಸ್ ಶಾಸಕರು ಸದನದಲ್ಲೇ ಕೈಮಾಡಿದರು, ನಾಲ್ವರ ಅಮಾನತಾಯಿತು. ಯಾವ ದೇವರು ಎಂದು ಯಾರೂ ಕೇಳಲಿಲ್ಲ, ಯಾವ ನುಡಿ ಎಂದು ಕೇಳಿದರು.

ಈಗಿನ ತಕರಾರು ದೇವರ ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಳ್ಳುತ್ತಿರುವವರದ್ದು. ಇದರಲ್ಲಿ ಕರ್ನಾಟಕ ಮಹಾರಾಷ್ಟ್ರಕ್ಕಿಂತ ಹಿಂದೆ ಬಿದ್ದಿಲ್ಲ. 2008ರ ಮೇ 30ರಂದು ಬಿ.ಎಸ್. ಯಡಿಯೂರಪ್ಪ ದೇವರ ಜೊತೆ ರೈತರ ಹೆಸರಲ್ಲೂ ಪ್ರಮಾಣ ಮಾಡಿದರು. 2021ರಲ್ಲಿ ಆನಂದ್ ಸಿಂಗ್ ಬಾಯಲ್ಲಿ ವಿಜಯನಗರದ ವಿರೂಪಾಕ್ಷನೂ ತಾಯಿ ಭುವನೇಶ್ವರಿಯೂ ಬಂದರು. 2023ರ ಮೇ 20ರಂದು ಕಂಠೀರವ ಕ್ರೀಡಾಂಗಣದಲ್ಲಿ ಸಿದ್ದರಾಮಯ್ಯ ದೇವರ ಹೆಸರಿಗೇ ನಿಂತರೆ, ಡಿ.ಕೆ. ಶಿವಕುಮಾರ್ ತಮ್ಮ ಗುರು ಗಂಗಾಧರ ಅಜ್ಜನ ಹೆಸರು ಹೇಳಿದರು, ಸತೀಶ್ ಜಾರಕಿಹೊಳಿ ಬುದ್ಧ, ಬಸವ, ಅಂಬೇಡ್ಕರ್ ಎಂದರು, ಜಮೀರ್ ಅಹ್ಮದ್ ಖಾನ್ ಅಲ್ಲಾಹನ ಜೊತೆ ತಾಯಿಯನ್ನೂ ಸೇರಿಸಿದರು.

ನ್ಯಾಯಾಲಯಗಳು ಏನೆಂದವು? ಕೇರಳದ ಶಾಸಕ ಉಮೇಶ್ ಚಳ್ಳಿಯಿಲ್ 2001ರಲ್ಲಿ ಶ್ರೀ ನಾರಾಯಣ ಗುರುಗಳ ಹೆಸರಲ್ಲಿ ಮಾಡಿದ ಪ್ರಮಾಣವನ್ನು ಅಲ್ಲಿನ ಹೈಕೋರ್ಟ್ ಒಪ್ಪಲಿಲ್ಲ. ಅಲ್ಲಾಹನ ಹೆಸರಲ್ಲಿ ಮಾಡಿದ್ದನ್ನು ಒಪ್ಪಿತು, ಏಕೆಂದರೆ ಅದು ದೇವರಿಗೇ ಇನ್ನೊಂದು ಪದ. ಕರ್ನಾಟಕ ಹೈಕೋರ್ಟ್ 2022ರ ಡಿಸೆಂಬರಿನಲ್ಲಿ ಇಂಥದೇ ತಕರಾರಿನ ಅರ್ಜಿಯನ್ನು ವಜಾ ಮಾಡುತ್ತ, ಬಸವೇಶ್ವರ, ಅಂಬೇಡ್ಕರರಂಥವರನ್ನು ಜನ ದೈವಾಂಶಸಂಭೂತರೆಂದು ಕಾಣುವುದುಂಟು ಎಂದಿತು. ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಪ್ರಸನ್ನ ವರಾಳೆ ಮುಂಬಯಿ ಹೈಕೋರ್ಟಿನಿಂದ ಬಂದವರು, ಹುಟ್ಟಿದ್ದು ನಿಪ್ಪಾಣಿಯಲ್ಲಿ. ಎರಡೂ ತೀರ್ಪುಗಳನ್ನು ಪಕ್ಕಪಕ್ಕ ಇಟ್ಟರೆ ಒಂದು ಮುಜುಗರ ಎದ್ದು ಕಾಣುತ್ತದೆ. ಯಾರು ದೇವರು, ಯಾರು ಅಲ್ಲ ಎಂದು ಅಳೆಯುವ ತಕ್ಕಡಿ ಜಾತ್ಯತೀತ ನ್ಯಾಯಾಲಯದ ಕೈಗೆ ಬಂದುಬಿಟ್ಟಿದೆ. ಹೆಸರುಗಳ ಪಟ್ಟಿ ಬೆಳೆದಷ್ಟೂ ಆ ತಕ್ಕಡಿಯ ಕೆಲಸ ಹೆಚ್ಚುತ್ತದೆ.

ಲೋಕಸಭೆಯಲ್ಲಿ 2019ರಲ್ಲಿ ಪ್ರಮಾಣದ ಹೊತ್ತಿಗೆ ಘೋಷಣೆಗಳ ಜಿದ್ದಾಜಿದ್ದಿ ನಡೆಯಿತು. 2024ರಲ್ಲಿ ಅಸಾದುದ್ದೀನ್ ಓವೈಸಿ ಕೊನೆಗೆ ಪ್ಯಾಲೆಸ್ಟೈನಿಗೂ ಜೈ ಎಂದರು. ಅದಾದ ಮೇಲೆ ಸ್ಪೀಕರ್ ಓಂ ಬಿರ್ಲಾ ನಮೂನೆಯ ಹಿಂದೆ ಮುಂದೆ ಯಾವ ಪದವನ್ನೂ ಸೇರಿಸಬಾರದೆಂದು ನಿರ್ದೇಶನವನ್ನೇ ತಿದ್ದಿದರು.

ಆಣೆಯ ಭಯ

ಪ್ರಮಾಣವೆಂಬುದು ಏನೆಂದು ತುಳುನಾಡಿನಿಂದ ಮುಂಬಯಿಗೆ ಬಂದವರಿಗೆ ಕಾಯ್ದೆ ಪುಸ್ತಕ ಕಲಿಸಬೇಕಿಲ್ಲ. ಹೋಟೆಲ್ಲಿನ ಪಾಲುದಾರಿಕೆಯಲ್ಲಿ, ಊರಿನ ಆಸ್ತಿಯ ಪಾಲಿನಲ್ಲಿ ತಕರಾರು ಹುಟ್ಟಿದರೆ 'ಧರ್ಮಸ್ಥಳಕ್ಕೆ ಬಾ', 'ಕಾನತ್ತೂರಿಗೆ ಬಾ' ಎಂಬ ಮಾತು ಬರುತ್ತದೆ. ಕಾಸರಗೋಡಿನ ಕಾನತ್ತೂರಿನ ನಾಲ್ವರ್ ದೈವಗಳ ಮುಂದೆ ಸುಳ್ಳು ಆಣೆಗೆ ಬಾಯಿ ಏಳದು. ಅರ್ಧ ವ್ಯಾಜ್ಯಗಳು ಬಸ್ಸು ಹತ್ತುವ ಮುಂಚೆಯೇ ಮುಗಿಯುತ್ತವೆ. ಒಂದು ಕಾಲಕ್ಕೆ ಇಂಥ ಆಣೆಗೆ ನ್ಯಾಯಾಲಯದಲ್ಲೂ ಬೆಲೆಯಿತ್ತು. ಎದುರಾಳಿ ಇಂಥ ವಿಶೇಷ ಆಣೆ ಇಟ್ಟು ಹೇಳಿದ್ದನ್ನು ಒಪ್ಪುತ್ತೇನೆಂದು ಕಕ್ಷಿದಾರ ಕೇಳಿಕೊಂಡರೆ, 1873ರ ಕಾಯ್ದೆಯಲ್ಲಿ ಆ ಸಾಕ್ಷ್ಯವೇ ಅಂತಿಮ. 1969ರ ಕಾಯ್ದೆ ಅದನ್ನು ಕೈಬಿಟ್ಟಿತು.

2011ರ ಜೂನ್ 27ರಂದು ಯಡಿಯೂರಪ್ಪ ಮತ್ತು ಕುಮಾರಸ್ವಾಮಿ ಪರಸ್ಪರ ಸವಾಲು ಹಾಕಿ ಧರ್ಮಸ್ಥಳಕ್ಕೆ ಹೋದದ್ದು ನೆನಪಿರಬಹುದು. ಇಬ್ಬರೂ ಮಂಜುನಾಥನಿಗೆ ಕೈಮುಗಿದರು, ಆಣೆ ಇಡದೆ ಮರಳಿದರು. ರಾಜಭವನದಲ್ಲಿ ಕ್ಯಾಮೆರಾಗಳ ಮುಂದೆ ಸಲೀಸಾಗಿ ಬರುವ ದೇವರ ಹೆಸರು ಗುಡಿಯ ಮುಂದೆ ಏಕೆ ಗಂಟಲಲ್ಲಿ ಸಿಕ್ಕಿಕೊಂಡಿತು? ಅಲ್ಲಿ ಸಾಕ್ಷಿ ನಿಜವಾಗಿಯೂ ನೋಡುತ್ತಿದ್ದಾನೆ ಎಂಬ ಅಳುಕು ಇತ್ತು. ಅದೇ ಪ್ರಮಾಣದ ಪ್ರಾಣ. ದೇವರನ್ನು ನಂಬದವನಿಗೆ ಆ ಅಳುಕು ಅಂತಃಸಾಕ್ಷಿಯದ್ದು. ನಾಗಪುರದಲ್ಲಿ 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ತಮ್ಮ ಜನರಿಗೆ ಬೋಧಿಸಿದ 22 ಪ್ರತಿಜ್ಞೆಗಳು ದೇವರುಗಳನ್ನು ನಿರಾಕರಿಸುತ್ತಲೇ ಶುರುವಾಗುತ್ತವೆ. ದೇವರಿಲ್ಲದೆಯೂ ಪ್ರತಿಜ್ಞೆ ಎಷ್ಟು ಭಾರವಾಗಿರಬಲ್ಲದು ಎಂಬುದಕ್ಕೆ ಬೇರೆ ಪುರಾವೆ ಬೇಡ. ವರಳಿಯ, ಚೆಂಬೂರಿನ ಬೌದ್ಧರಿಗೆ 'ಈಶ್ವರಸಾಕ್ಷ' ಎಂಬ ಸಾಲು ತಮ್ಮದಲ್ಲ. ಅವರಿಗಾಗಿಯೇ ಎಂಬಂತೆ ಗೀಟಿನ ಕೆಳಗಿನ ಸಾಲಿದೆ.

ದೇವರಿಗೂ ನಾಯಕನಿಗೂ ಇಲ್ಲೇ ವ್ಯತ್ಯಾಸ. ಸಾಕ್ಷಿಗೆ ಬಂದ ದೇವರು ಸಮಾರಂಭ ಮುಗಿದ ಮೇಲೆ ಮಂತ್ರಿಯ ಕಚೇರಿಗೆ ಚೀಟಿ ಕಳಿಸುವುದಿಲ್ಲ, ಟೆಂಡರ್ ಕೇಳುವುದಿಲ್ಲ, ವರ್ಗಾವಣೆ ಮಾಡಿಸಿಕೊಡು ಎನ್ನುವುದಿಲ್ಲ. ಬದುಕಿರುವ ನಾಯಕ, ಕುಟುಂಬ, ಗುರುಪೀಠ ಕೇಳಬಹುದು. ಅವರ ಹೆಸರಲ್ಲಿ ಪ್ರಮಾಣ ಮಾಡಿದವನು ಕೇಳಿದ್ದನ್ನು ಇಲ್ಲವೆನ್ನಲು ಕಷ್ಟಪಡುತ್ತಾನೆ. ಬಸವ, ಅಂಬೇಡ್ಕರ್, ಶಿವಾಜಿ ಏನೂ ಕೇಳುವವರಲ್ಲ, ನಿಜ. ಆದರೆ ಅವರ ಹೆಸರಿನ ಗುತ್ತಿಗೆ ಹಿಡಿದವರು ಕೇಳುತ್ತಾರೆ. ಹಾಗಾಗಿ ಪ್ರಮಾಣವಚನದಿಂದ ದೇವರನ್ನು ತೆಗೆಯಬೇಕೆಂಬ ಅವಸರ ನನಗಿಲ್ಲ. ಮಹಾರಾಷ್ಟ್ರದ ರಾಜ್ಯಪಾಲರ ಸಿಡುಕಿನ ಹಿಂದೆ ರಾಜಕೀಯವಿತ್ತೇ ಎಂಬುದನ್ನು ಬದಿಗಿಟ್ಟು, ಅವರು ಹಿಡಿದ ನಿಯಮ ಎಲ್ಲ ಪಕ್ಷದ ರಾಜ್ಯಪಾಲರೂ ಎಲ್ಲ ಪಕ್ಷದ ಮಂತ್ರಿಗಳಿಗೂ ಹಿಡಿಯಬೇಕಾದದ್ದು. ಗೀಟಿನ ಮೇಲೆ ಒಂದು ಪದ, ಕೆಳಗೆ ಒಂದು ಪದ, ಅಷ್ಟೇ ಇರಲಿ. ವಂದನೆ, ಸ್ಮರಣೆಗಳಿಗೆ ವೇದಿಕೆಯಿಂದ ಇಳಿದ ಮೇಲೆ ಇಡೀ ಶಿವಾಜಿ ಪಾರ್ಕೇ ಇದೆ.

ಬಾಂದ್ರಾದ ಅಥವಾ ಕುರ್ಲಾದ ನ್ಯಾಯಾಲಯದ ಹೊರಗೆ ಒಮ್ಮೆ ನಿಂತು ನೋಡಿ. ಪಡಿತರ ಚೀಟಿಯಲ್ಲಿ ಹೆಸರು ತಪ್ಪಿದವರು, ಪಾಸ್‌ಪೋರ್ಟ್ ಕಳೆದವರು, ಬಾಡಿಗೆ ಮನೆಯವರು ಟೈಪಿಂಗ್ ಮಾಡುವವನ ಮುಂದೆ ಸರತಿಯಲ್ಲಿರುತ್ತಾರೆ. ಅವನ ಕಂಪ್ಯೂಟರಿನಲ್ಲಿ ಅಫಿಡವಿಟ್ಟಿನ ಮೊದಲ ಸಾಲು ಮೊದಲೇ ತಯಾರಿದೆ. ಅದು ಗಂಭೀರವಾಗಿ ದೃಢೀಕರಿಸುವ ಸಾಲು, ದೇವರಿಲ್ಲದ್ದು. ಹಣೆಗೆ ಕುಂಕುಮವಿಟ್ಟವರು, ತಲೆಗೆ ಟೋಪಿ ಹಾಕಿದವರು, ಕೊರಳಲ್ಲಿ ಶಿಲುಬೆಯಿರುವವರು ಎಲ್ಲರೂ ಅದಕ್ಕೇ ಸಹಿ ಹಾಕುತ್ತಾರೆ. ಬ್ರಾಡ್ಲಾ ಆರು ವರ್ಷ ಹೊಡೆದಾಡಿ ಪಡೆದ ಹಕ್ಕು ಅವರಿಗೆ ಸ್ಟಾಂಪ್ ಪೇಪರಿನ ಜೊತೆಗೆ ಸಿಗುತ್ತದೆ. ಆ ಕಾಗದದಲ್ಲಿ ಯಾವ ನಾಯಕನ ಹೆಸರೂ ಇರುವುದಿಲ್ಲ. ಬರೆದದ್ದು ಸುಳ್ಳಾದರೆ ಶಿಕ್ಷೆ ಅನುಭವಿಸಬೇಕಾದವರು ತಾವೊಬ್ಬರೇ ಎಂಬುದು ಮಾತ್ರ ಅವರಿಗೆ ಗೊತ್ತಿರುತ್ತದೆ.